ಕುಸಿಯುವ ನಕ್ಷತ್ರದ ಬೆಳಕು ಸ್ಕ್ರೀನಿನ ಮೇಲೆ ಯಾಕೆ ನಿಂತುಹೋಗುತ್ತದೆ?

ಪ್ರಶ್ನೆ: ನಾನು ಶಿರಸಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಕುಸಿಯುತ್ತಿರುವ ಕಪ್ಪುರಂಧ್ರದ ಹತ್ತಿರ ಬೆಳಕು ಹೇಗೆ ಸಾಗುತ್ತದೆ ಎಂದು ತೋರಿಸಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದೆ. ಸೂರ್ಯನ ಹತ್ತರಷ್ಟು ತೂಕದ ನಕ್ಷತ್ರ ಸಣ್ಣದಾಗುತ್ತ ಹೋಗುತ್ತದೆ. ಅದರಿಂದ ಕಿರಣಗಳನ್ನು ಹೊರಗೆ ಬಿಡುತ್ತೇನೆ. ಘಟನಾ ದಿಗಂತದ, ಅಂದರೆ ಬೆಳಕೂ ಹೊರಬರಲಾರದ ಗಡಿಯ, ಹತ್ತಿರ ಬಂದ ಕೂಡಲೇ ಎಲ್ಲವೂ ನಿಂತುಬಿಡುತ್ತದೆ. ನಕ್ಷತ್ರ ಮುಂದೆ ಕುಸಿಯುವುದಿಲ್ಲ, ಕಿರಣ ಹೊರಡುವುದಿಲ್ಲ. ರಾತ್ರಿಯೆಲ್ಲ ಓಡಿಸಿದರೂ ಅಷ್ಟೇ. ತಪ್ಪು ಎಲ್ಲಿದೆ? ದಿಗಂತ ನಿಜಕ್ಕೂ ಯಾವಾಗ ಹುಟ್ಟುತ್ತದೆ? ದೂರದಿಂದ ನೋಡುವವರಿಗೆ ಏನು ಕಾಣುತ್ತದೆ? ಇದೆಲ್ಲ ಹಳೆಯ ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸವಾ?

ಉತ್ತರ: ನಿಮ್ಮ ಪ್ರೋಗ್ರಾಂ ಕೆಟ್ಟಿಲ್ಲ. ಅದಕ್ಕೆ ಕೊಟ್ಟ ಗಡಿಯಾರ ಸರಿಯಿಲ್ಲ, ಅಷ್ಟೇ. ಗಡಿಯಾರ ಬದಲಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಉಳಿದ ಅರ್ಧಕ್ಕೆ ಕಿರಣಗಳನ್ನು ತಿರುವುಮುರುವು ಮಾಡಬೇಕು. ಅಂದರೆ ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಓಡಿಸಬೇಕು.

ಒಂದು ಸಣ್ಣ ತಿದ್ದುಪಡಿ. ಕುಸಿಯುವುದು ಕಪ್ಪುರಂಧ್ರ ಅಲ್ಲ, ನಕ್ಷತ್ರ. ಕುಸಿದು ಮುಗಿದ ಮೇಲೆ ಉಳಿಯುವುದಕ್ಕೆ ಕಪ್ಪುರಂಧ್ರ ಅಂತ ಹೆಸರು. ಸುಮ್ನೆ ಮಾತಿನ ತಕರಾರು ಅಂದುಕೊಳ್ಳಬೇಡಿ. ನಿಮ್ಮ ಲೆಕ್ಕ ದಾರಿ ತಪ್ಪಿದ್ದು ಇದೇ ಜಾಗದಲ್ಲಿ. ಯಾವಾಗಲೂ ಇದ್ದ, ಕದಲದ ಕಪ್ಪುರಂಧ್ರದ ಸೂತ್ರವನ್ನು ನೀವು ಕುಸಿಯುವ ನಕ್ಷತ್ರಕ್ಕೆ ಹಚ್ಚಿದ್ದೀರಿ.

ನೀವು ಬಳಸಿದ್ದು ಪಠ್ಯಪುಸ್ತಕದಲ್ಲಿ ಬರುವ ಶ್ವಾರ್ಟ್ಸ್‌ಶೀಲ್ಡ್ ಸೂತ್ರ, 1916ರಲ್ಲಿ ಪ್ರಕಟವಾದದ್ದು. ಅದರಲ್ಲಿರುವ ಸಮಯ ಬಹಳ ದೂರದಲ್ಲಿ ಕದಲದೆ ಕೂತವರ ಗಡಿಯಾರದ್ದು. ಆ ಗಡಿಯಾರದ ಪ್ರಕಾರ ನಕ್ಷತ್ರದ ಮೇಲ್ಮೈ ದಿಗಂತ ತಲುಪಲು ಎಷ್ಟು ಕಾಲವೂ ಸಾಲದು. ಕಂಪ್ಯೂಟರ್ ಪಾಪ, ಹೇಳಿದ್ದನ್ನೇ ಮಾಡಿದೆ. ಹಿಂದೆ ಇದನ್ನೇ ನಂಬಿ 'ಹೆಪ್ಪುಗಟ್ಟಿದ ನಕ್ಷತ್ರ' ಎಂದು ಕರೆದವರೂ ಇದ್ದರು. ಆದರೆ ನಕ್ಷತ್ರದ ಮೇಲ್ಮೈಯಲ್ಲಿ ಕೂತವರ ಗಡಿಯಾರ ಕೇಳಿ ನೋಡಿ. ನಿಮ್ಮ ನಕ್ಷತ್ರಕ್ಕೆ ದಿಗಂತದ ತ್ರಿಜ್ಯ 29.5 ಕಿಲೋಮೀಟರ್. ಕಾರವಾರದಿಂದ ಹೊರಟರೆ ಇನ್ನೂ ಅಂಕೋಲಾ ಸಿಗದಷ್ಟು ದೂರ. ಆ ಗೆರೆ ದಾಟಿದ ಮೇಲೆ ಮೇಲ್ಮೈ ನಡುವಿನ ಚುಕ್ಕೆಯವರೆಗೆ ಬೀಳಲು ತಗಲುವ ಸಮಯ ಸುಮಾರು 66 ಮೈಕ್ರೋಸೆಕೆಂಡ್. ನಿಲ್ಲುವುದು ಗಿಲ್ಲುವುದು ಏನೂ ಇಲ್ಲ.

ಹಾಗಾಗಿ ಬೀಳುವವರ ಗಡಿಯಾರವನ್ನೇ ಬಳಸಿ. ಈ ದಾರಿ ಹುಡುಕಿದವರು ಇಬ್ಬರು. 1921ರಲ್ಲಿ ಫ್ರಾನ್ಸಿನ ಪಾಲ್ ಪೆನ್ಲೆವೆ, 1922ರಲ್ಲಿ ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್. ಮೊದಲನೆಯವರು ಗಣಿತಜ್ಞರು, ಫ್ರಾನ್ಸಿನ ಪ್ರಧಾನಿಯೂ ಆಗಿದ್ದವರು. ಎರಡನೆಯವರು ಕಣ್ಣಿನ ಡಾಕ್ಟರು, 1911ರಲ್ಲಿ ವೈದ್ಯಕೀಯದ ನೊಬೆಲ್ ಪಡೆದವರು. ಕಪ್ಪುರಂಧ್ರದ ಲೆಕ್ಕಕ್ಕೆ ಇವರಿಬ್ಬರು ಜೊತೆಯಾದದ್ದು ನನಗೆ ಇವತ್ತಿಗೂ ಮಜಾ ಅನಿಸುತ್ತದೆ.

ಅವರ ಸೂತ್ರವನ್ನು ಹೀಗೆ ಓದಬಹುದು. ಜಾಗವೇ ಹೊಳೆಯ ಹಾಗೆ ಒಳಕ್ಕೆ ಹರಿಯುತ್ತಿದೆ. ಬೆಳಕು ಆ ನೀರಿನಲ್ಲಿ ತನ್ನ ಮಾಮೂಲಿ ವೇಗದಲ್ಲೇ ಈಜುತ್ತದೆ. ನಕ್ಷತ್ರದ ಹೊರಗೆ ಹರಿವಿನ ವೇಗ = ಬೆಳಕಿನ ವೇಗ × √(ದಿಗಂತದ ತ್ರಿಜ್ಯ ÷ ದೂರ). ದಿಗಂತದ ಮೇಲೆ ಹರಿವು ಸರಿಯಾಗಿ ಬೆಳಕಿನ ವೇಗದಷ್ಟೇ ಆಗುತ್ತದೆ. ನೇರವಾಗಿ ಹೊರಕ್ಕೆ ಹೊರಟ ಕಿರಣದ ವೇಗ ಬೇಕೆಂದರೆ ಬೆಳಕಿನ ವೇಗದಿಂದ ಹರಿವನ್ನು ಕಳೆಯಿರಿ, ಆಯಿತು. ಯಾವ ಸಂಖ್ಯೆಯೂ ದಿಗಂತದ ಮೇಲೆ ಸಿಡಿಯುವುದಿಲ್ಲ.

ನಕ್ಷತ್ರದ ಒಳಗೆ? ನಕ್ಷತ್ರವನ್ನು ಒತ್ತಡವೇ ಇಲ್ಲದ, ಎಲ್ಲ ಕಡೆ ಒಂದೇ ಸಾಂದ್ರತೆಯ ಧೂಳಿನ ಚೆಂಡು ಅಂದುಕೊಳ್ಳಿ. ಅದು ಬಹಳ ದೂರದಿಂದ ನಿಧಾನಕ್ಕೆ ಬೀಳಲು ಶುರು ಮಾಡಿದೆ. ಆಗ ಒಳಗಿನ ಹರಿವು ನಡುವಿನಲ್ಲಿ ಸೊನ್ನೆ. ಅಲ್ಲಿಂದ ಮೇಲ್ಮೈಯವರೆಗೆ ದೂರಕ್ಕೆ ತಕ್ಕಂತೆ ಏರುತ್ತ ಹೋಗಿ ಹೊರಗಿನ ಹರಿವಿಗೆ ಸರಿಯಾಗಿ ಸೇರಿಕೊಳ್ಳುತ್ತದೆ. ಮೇಲ್ಮೈಯ ತ್ರಿಜ್ಯವೂ ಸುಲಭ. ತ್ರಿಜ್ಯದ 3/2 ಘಾತ ತೆಗೆದುಕೊಂಡರೆ ಅದು ಸಮಯದ ಜೊತೆ ಒಂದೇ ದರದಲ್ಲಿ ಇಳಿಯುತ್ತದೆ. ಮೂರು ಸಾಲಿನ ಕೋಡ್. ಇದು ಓಪನ್‌ಹೈಮರ್ ಮತ್ತು ಸ್ನೈಡರ್ 1939ರಲ್ಲಿ ಮಾಡಿದ ಲೆಕ್ಕದ ಒಂದು ರೂಪ. ಅದಕ್ಕೂ ಒಂದು ವರ್ಷ ಮೊದಲು, 1938ರಲ್ಲಿ, ಕೋಲ್ಕತ್ತದ ಬಿ. ದತ್ತ ಇಂಥದ್ದೇ ಧೂಳಿನ ಪರಿಹಾರವನ್ನು ಪ್ರಕಟಿಸಿದ್ದರು. ಅವರ ಹೆಸರು ನಮ್ಮಲ್ಲೇ ಅಷ್ಟಾಗಿ ಕೇಳಿಬರುವುದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ. ದಿಗಂತ ಯಾವಾಗ ಹುಟ್ಟುತ್ತದೆ? ನಾಲ್ಕರಲ್ಲಿ ಇದೇ ಒಳ್ಳೆಯ ಪ್ರಶ್ನೆ.

ನಾನು ಕಾರವಾರದವನು. ನನಗೆ ಇದು ಅರ್ಥವಾದದ್ದು ಪುಸ್ತಕದಿಂದ ಅಲ್ಲ, ಕೋಡಿಬಾಗದ ಕಡೆ ಕಾಳಿ ನದಿಯ ಅಳಿವೆ ನೋಡುತ್ತ ನಿಂತಾಗ. ಇಳಿತ ಶುರುವಾಗಿದೆ. ನೀರು ಸಮುದ್ರದ ಕಡೆ ಹೊರಟಿದೆ. ಅಳಿವೆಗೆ ಹತ್ತಿರವಾದಷ್ಟೂ ಸೆಳೆತ ಜಾಸ್ತಿ. ಹೊತ್ತು ಹೋದಂತೆಯೂ ಸೆಳೆತ ಜಾಸ್ತಿ. ಒಂದು ಪಾತಿ ದೋಣಿ ಅಳಿವೆಯ ಕಡೆಯಿಂದ ಸೇತುವೆಯ ಕಡೆಗೆ, ಸೆಳೆತಕ್ಕೆ ಎದುರಾಗಿ ಬರುತ್ತಿದೆ. ಹುಟ್ಟು ಹಾಕುವವನ ವೇಗ ಒಂದೇ ಸಮ. ಈ ಕ್ಷಣದಲ್ಲಿ ನೋಡಿದರೆ ದೋಣಿ ಮುಂದೆ ಬರುತ್ತಿದೆ. ಹಾಗಾದರೆ ಅದು ಸೇತುವೆ ಮುಟ್ಟುತ್ತದಾ? ಪಕ್ಕದಲ್ಲಿ ಬಲೆ ಒಣಗಿಸುತ್ತಿದ್ದ ಅಂಕೋಲಾ ಕಡೆಯ ಅಜ್ಜನನ್ನು ಕೇಳಿದೆ. "ಬ್ರಿಜ್ ದಾಟಿದ್ ಮೇಲೆ ಹೇಳ್ತೆ ಮಾರಾಯಾ" ಅಂದರು.

ಘಟನಾ ದಿಗಂತದ ವ್ಯಾಖ್ಯೆ ಇದಕ್ಕಿಂತ ಬೇರೆ ಅಲ್ಲ. ಈಗ ಮುಂದೆ ಬರುತ್ತಿರುವ ದೋಣಿಯನ್ನೂ ಇನ್ನು ಹತ್ತು ನಿಮಿಷದಲ್ಲಿ ಬಲವಾಗುವ ಸೆಳೆತ ಹಿಂದಕ್ಕೆ ಎಳೆಯಬಹುದು. ಹಾಗಿದ್ದರೆ ಅದರ ಗತಿ ಈಗಲೇ ಮುಗಿದಿದೆ, ದೋಣಿಯವನಿಗೆ ಗೊತ್ತಿಲ್ಲ ಅಷ್ಟೇ. 'ಇಲ್ಲಿ ಈಗ ನೀರಿನ ವೇಗ ಎಷ್ಟು' ಎಂದು ಅಳೆದರೆ ದಿಗಂತ ಸಿಗುವುದಿಲ್ಲ. ಇಳಿತ ಪೂರ್ತಿ ಮುಗಿಯಬೇಕು. ಯಾವ ದೋಣಿ ತಪ್ಪಿಸಿಕೊಂಡಿತು, ಯಾವುದು ಹೋಯಿತು ಎಂದು ನೋಡಿ, ಎರಡರ ನಡುವಿನ ಗೆರೆಯನ್ನು ಹಿಂದಕ್ಕೆ ಎಳೆದುಕೊಂಡು ಬರಬೇಕು. (ಈ ಹೋಲಿಕೆ ತಿರುಗದ ನಕ್ಷತ್ರಕ್ಕೆ ಮಾತ್ರ ಇಷ್ಟು ಚೆನ್ನಾಗಿ ಒಗ್ಗುತ್ತದೆ. ತಿರುಗುವ ಕಪ್ಪುರಂಧ್ರದಲ್ಲಿ ಹೊಳೆ ಸುಳಿಯೂ ಆಗುತ್ತದೆ, ಲೆಕ್ಕ ಕಗ್ಗಂಟಾಗುತ್ತದೆ.)

ನಿಮ್ಮ ಧೂಳಿನ ಚೆಂಡಿನಲ್ಲಿ ಇದನ್ನೇ ಮಾಡಿ. ಮೇಲ್ಮೈ ಸರಿಯಾಗಿ 29.5 ಕಿಲೋಮೀಟರಿಗೆ ಇಳಿದ ಕ್ಷಣ ತೆಗೆದುಕೊಳ್ಳಿ. ಆ ಕ್ಷಣ, ಆ ಜಾಗದಲ್ಲಿ ಹೊರಮುಖವಾಗಿರುವ ಒಂದು ಕಿರಣ ಇಡಿ. ಅದು ಮುಂದೆ ಯಾವತ್ತೂ ಅಲ್ಲೇ ತೂಗಾಡುತ್ತದೆ. ಒಳಗೂ ಬೀಳದು, ಹೊರಗೂ ಹೋಗದು. ಈಗ ಸಮಯವನ್ನು ಹಿಂದಕ್ಕೆ ಓಡಿಸಿ. ಕಿರಣ ನಕ್ಷತ್ರದ ಒಳಗೆ ಹೋಗುತ್ತ ಹೋಗುತ್ತ ನಡುವಿನ ಚುಕ್ಕೆ ಮುಟ್ಟುತ್ತದೆ. ಆಗ ಮೇಲ್ಮೈ ಎಲ್ಲಿತ್ತು ಎಂದು ಕೇಳಿ. ಉತ್ತರ ದಿಗಂತದ ತ್ರಿಜ್ಯದ 2.25 ಪಟ್ಟು. ನಕ್ಷತ್ರದ ತೂಕ ಎಷ್ಟೇ ಇರಲಿ, ಈ ಬಗೆಯ ಕುಸಿತಕ್ಕೆ ಇದೇ ಸಂಖ್ಯೆ. ಕಾಗದದ ಮೇಲೂ ಅರ್ಧ ಪುಟದಲ್ಲಿ ಬರುತ್ತದೆ, ಮಾಡಿ ನೋಡಿ. ನಿಮ್ಮ ನಕ್ಷತ್ರಕ್ಕೆ ಅದು 66 ಕಿಲೋಮೀಟರ್, ಹೆಚ್ಚೂಕಡಿಮೆ ಕಾರವಾರದಿಂದ ಕುಮಟಾಕ್ಕೆ ಇರುವ ದೂರ.

ಈ 2.25ರ ಜೊತೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಆ ಕ್ಷಣದಲ್ಲಿ ಮೇಲ್ಮೈಯ ಹರಿವು ಬೆಳಕಿನ ವೇಗದ ಮೂರರಲ್ಲಿ ಎರಡು ಪಾಲು ಮಾತ್ರ. ಅದಕ್ಕಿಂತ ಜೋರಾದ ಹರಿವು ಎಲ್ಲೂ ಇಲ್ಲ. ದಿಗಂತ ಹುಟ್ಟಿದ ನಡುವಿನ ಚುಕ್ಕೆಯಲ್ಲಂತೂ ಹರಿವು ಸೊನ್ನೆ. ಅಂದರೆ ಎಲ್ಲೂ ನೀರು ದೋಣಿಯನ್ನು ಸೋಲಿಸುತ್ತಿಲ್ಲ. ಆದರೂ ದಿಗಂತ ಆಗಲೇ ಹುಟ್ಟಿ ಬೆಳೆಯತೊಡಗಿದೆ. ಅದು ನಡುವಿನಿಂದ ಹೊರಟು ಸುಮಾರು 156 ಮೈಕ್ರೋಸೆಕೆಂಡಿನಲ್ಲಿ ಹೊರಕ್ಕೆ ಬಂದು, ಒಳಕ್ಕೆ ಬೀಳುತ್ತಿರುವ ಮೇಲ್ಮೈಯನ್ನು ಸೇರುತ್ತದೆ. ಮೇಲ್ಮೈ ಗೆರೆ ದಾಟಿದಾಗ ದಿಗಂತ ಹುಟ್ಟುತ್ತದೆ ಎಂದು ನೀವು ಅಂದುಕೊಂಡಿದ್ದಿರಿ ಅಲ್ವಾ? ಅಷ್ಟು ಹೊತ್ತಿಗೆ ಅದು ಬೆಳೆದು ಮುಗಿದಿರುತ್ತದೆ.

ಹಿಂದಕ್ಕೆ ಓಡಿಸುವುದರಲ್ಲಿ ಇನ್ನೊಂದು ಲಾಭವಿದೆ. ಮುಂದಕ್ಕೆ ಓಡಿಸಿದರೆ ದಿಗಂತದಿಂದ ಕೂದಲೆಳೆಯಷ್ಟು ತಪ್ಪಿದ ಕಿರಣವೂ ದೂರ ದೂರ ಸರಿಯುತ್ತದೆ. ನಿಮ್ಮ ನಕ್ಷತ್ರದಲ್ಲಿ ಆ ತಪ್ಪು ಪ್ರತಿ 0.2 ಮಿಲಿಸೆಕೆಂಡಿಗೆ 2.7 ಪಟ್ಟು ಬೆಳೆಯುತ್ತದೆ. ಹಿಂದಕ್ಕೆ ಓಡಿಸಿದರೆ ಅದೇ ದರದಲ್ಲಿ ಕುಗ್ಗುತ್ತದೆ. ಹೆಚ್ಚೂಕಡಿಮೆ ಎಲ್ಲಿ ಶುರು ಮಾಡಿದರೂ ಕಿರಣ ತಾನಾಗಿ ದಿಗಂತಕ್ಕೆ ಅಂಟಿಕೊಳ್ಳುತ್ತದೆ. ಎರಡು ಕಪ್ಪುರಂಧ್ರಗಳು ಒಂದಾಗುವ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮೊದಲು ಸರಿಯಾಗಿ ಮುಗಿಸಿದ್ದು 2005ರಲ್ಲಿ, ಫ್ರಾನ್ಸ್ ಪ್ರಿಟೋರಿಯಸ್ ಎಂಬ ಭೌತವಿಜ್ಞಾನಿ. ಅಂಥ ದೊಡ್ಡ ಲೆಕ್ಕಗಳಲ್ಲೂ ಘಟನಾ ದಿಗಂತ ಬೇಕೆಂದರೆ ಪೂರ್ತಿ ಓಟವನ್ನು ಉಳಿಸಿಟ್ಟು, ಕೊನೆಯಿಂದ ಹಿಂದಕ್ಕೆ ಬೆಳಕು ಬಿಡುತ್ತಾರೆ.

ಇನ್ನು ದೂರದಿಂದ ನೋಡುವವರ ವಿಷಯ. ಅವರಿಗೆ ನಕ್ಷತ್ರ ಹೆಪ್ಪುಗಟ್ಟಿ ನಿಂತಂತೆ ಕಾಣುತ್ತದೆ ಎಂದು ಜನಪ್ರಿಯ ಲೇಖನಗಳಲ್ಲಿ ಬರೆಯುತ್ತಾರೆ. ಅರ್ಧ ಸತ್ಯ. ಕಾಣುವುದಕ್ಕೆ ಬೆಳಕು ಬೇಕಲ್ಲ! ಬರುವ ಬೆಳಕು ಕೆಂಪಾಗುತ್ತ, ತೆಳ್ಳಗಾಗುತ್ತ ಹೋಗುತ್ತದೆ. ನಿಮ್ಮ ನಕ್ಷತ್ರದ ಒಟ್ಟು ಹೊಳಪು ಕೊನೆಯ ಹಂತದಲ್ಲಿ ಪ್ರತಿ 0.26 ಮಿಲಿಸೆಕೆಂಡಿಗೆ 2.7ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 5 ಮಿಲಿಸೆಕೆಂಡ್ ಕಳೆದರೆ ಸುಮಾರು 30 ಕೋಟಿಯಲ್ಲಿ ಒಂದು ಪಾಲು ಉಳಿದಿರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ದೀಪ ಆರಿದ ಹಾಗೆಯೇ. ನಮ್ಮೂರಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದೂ ಇಷ್ಟು ಚುರುಕಲ್ಲ.

ಆರುವ ರೀತಿಯೂ ನೋಡುವಂಥದ್ದು. ನಡುಭಾಗ ಮೊದಲು ಕಪ್ಪಾಗುತ್ತದೆ. ಅಂಚು ಇನ್ನಷ್ಟು ಹೊತ್ತು ಬೆಳಗುತ್ತದೆ. ಕಾರಣ, ದಿಗಂತದ ಒಂದೂವರೆ ಪಟ್ಟು ದೂರದಲ್ಲಿ ಬೆಳಕು ವೃತ್ತದಲ್ಲಿ ಸುತ್ತಬಲ್ಲ ಒಂದು ಗೋಳವಿದೆ. ಫೋಟಾನ್ ಗೋಳ ಅನ್ನುತ್ತಾರೆ. ಕುಸಿತದ ಹೊತ್ತಿಗೆ ಅಲ್ಲಿ ಸಿಕ್ಕಿಹಾಕಿಕೊಂಡ ಬೆಳಕು ಒಂದೆರಡು ಸುತ್ತು ಸುತ್ತಿ, ತಡವಾಗಿ ಒಂದೊಂದಾಗಿ ಹೊರಬೀಳುತ್ತದೆ. ದೂರದವರಿಗೆ ಆ ಉಂಗುರದ ತ್ರಿಜ್ಯ 44 ಕಿಲೋಮೀಟರ್ ಅಲ್ಲ, 77 ಕಿಲೋಮೀಟರ್ ಕಾಣುತ್ತದೆ. ಬೆಳಕಿನ ಬಾಗುವಿಕೆಯೇ ಅದನ್ನು ಹಿಗ್ಗಿಸಿ ತೋರಿಸುತ್ತದೆ. 2019ರ ಏಪ್ರಿಲ್ 10ರಂದು ಬಿಡುಗಡೆಯಾದ, ಎಂ87 ಗೆಲಾಕ್ಸಿಯ ಕಪ್ಪುರಂಧ್ರದ ಚಿತ್ರದ ನಡುವಿನ ಕಪ್ಪು ನೆರಳು ದಿಗಂತಕ್ಕಿಂತ ದೊಡ್ಡದಾಗಿ ಕಾಣುವುದೂ ಇದೇ ಕಾರಣಕ್ಕೆ.

ಇಲ್ಲಿ ನಮ್ಮವರೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ಜವಾಹರಲಾಲ್ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರು. 1970ರಲ್ಲಿ ಅವರು ಕಪ್ಪುರಂಧ್ರದ ಮೇಲೆ ಅಲೆಗಳನ್ನು ಎಸೆದರೆ ಏನಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಗಂಟೆ ಬಾರಿಸಿದ ಹಾಗೆ ಒಂದು ಸ್ವರ ಎದ್ದು, ಬೇಗ ಬೇಗ ಆರಿಹೋಗುವುದು ಕಂಡಿತು. ಆ ಸ್ವರದ ಏರಿಳಿತಕ್ಕೂ ಅದು ಆರುವ ವೇಗಕ್ಕೂ ಈ ಫೋಟಾನ್ ಗೋಳಕ್ಕೂ ಹತ್ತಿರದ ನಂಟು. ನಿಮ್ಮ ನಕ್ಷತ್ರದ ಉಂಗುರ ಮಂಕಾಗುವುದು ಅದರ ಸೋದರ ಸಂಬಂಧಿ ಎನ್ನಬಹುದು.

ಈ ಎಲ್ಲದರಲ್ಲಿ ಒಂದು ಸುಳ್ಳಿದೆ, ಅದನ್ನೂ ಹೇಳಬೇಕು. ನಿಜವಾದ ನಕ್ಷತ್ರ ಧೂಳಿನ ಚೆಂಡಲ್ಲ. ಅದರ ಒಳಗಿಂದ ಬೆಳಕು ನೇರವಾಗಿ ಹೊರಬರುವುದೇ ಇಲ್ಲ, ಏನನ್ನೂ ಸುಲಭವಾಗಿ ತೂರಿ ಬರುವ ನ್ಯೂಟ್ರಿನೋ ಎಂಬ ಕಣ ಬರುತ್ತದೆ. 1987ರ ಫೆಬ್ರವರಿ 23ರಂದು ಪಕ್ಕದ ಗೆಲಾಕ್ಸಿಯ ನಕ್ಷತ್ರವೊಂದರ ಸ್ಫೋಟದಿಂದ ಬಂದ ನ್ಯೂಟ್ರಿನೋಗಳು ಬೆಳಕಿಗಿಂತ ಕೆಲವು ಗಂಟೆ ಮೊದಲೇ ತಲುಪಿದ್ದು ಇದಕ್ಕೇ. ಹಾಗಾಗಿ ದಿಗಂತ ಹುಡುಕುವ ಲೆಕ್ಕದಲ್ಲಿ ಚೆಂಡು ಪಾರದರ್ಶಕ ಇರಲಿ. ಚಿತ್ರ ಬಿಡಿಸುವ ಲೆಕ್ಕದಲ್ಲಿ ಮೇಲ್ಮೈ ಹೊಳೆಯುವ ಗೋಡೆ ಇರಲಿ, ಕಿರಣ ಅಲ್ಲೇ ನಿಲ್ಲಲಿ. ಎರಡನ್ನೂ ಒಂದೇ ಪ್ರೋಗ್ರಾಮಿನಲ್ಲಿ ತುರುಕಬೇಡಿ.

ಈಗ ಕೆಲಸದ ಮಾತು. ಹಳೆಯ ಲ್ಯಾಪ್‌ಟಾಪ್ ಸಾಕು, ಧಾರಾಳ ಸಾಕು. 1979ರಲ್ಲಿ ಫ್ರಾನ್ಸಿನ ಝಾನ್-ಪಿಯೆರ್ ಲ್ಯೂಮಿನೆ ಕಪ್ಪುರಂಧ್ರದ ಸುತ್ತಲಿನ ಬಿಸಿ ಅನಿಲದ ತಟ್ಟೆಯ ಮೊದಲ ಚಿತ್ರವನ್ನು ಐಬಿಎಂ 7040 ಯಂತ್ರದಲ್ಲಿ, ಪಂಚ್ ಕಾರ್ಡ್ ಹಾಕಿ ಲೆಕ್ಕ ಮಾಡಿದರು. ಆಮೇಲೆ ಶಾಯಿಯಲ್ಲಿ ಚುಕ್ಕೆ ಚುಕ್ಕೆ ಇಟ್ಟು ಕೈಯಲ್ಲೇ ಬಿಡಿಸಿದರು. ನಿಮ್ಮ ಫೋನು ಸಹ ಆ ಯಂತ್ರಕ್ಕಿಂತ ಎಷ್ಟೋ ಪಾಲು ಗಟ್ಟಿ.

ಕಿರಣಗಳನ್ನು ಕ್ಯಾಮೆರಾದಿಂದ ಹಿಂದಕ್ಕೆ ಬಿಡಿ. ನಕ್ಷತ್ರದಿಂದ ಬಿಟ್ಟರೆ ಕೋಟಿ ಕಿರಣದಲ್ಲಿ ಕ್ಯಾಮೆರಾಕ್ಕೆ ತಗಲುವುದು ಒಂದೋ ಎರಡೋ. ಚಿತ್ರದ ಪ್ರತಿ ಚುಕ್ಕೆಗೂ ಒಂದೊಂದು ಕಿರಣ ಬೇಡ. ಎಲ್ಲವೂ ಗೋಳಾಕಾರ ಇರುವುದರಿಂದ ನಡುವಿನಿಂದ ಅಂಚಿಗೆ ಒಂದು ಗೆರೆಯ ಮೇಲೆ 300 ಕಿರಣ ಸಾಕು, ಉಳಿದದ್ದು ಸುತ್ತಿ ತುಂಬಿಸಬಹುದು. ಇನ್ನೂ ಒಂದು ಉಳಿತಾಯ ಇದೆ. ಒಳಗೆ ಏನೇ ಕುಸಿಯಲಿ, ಹೊರಗಿನ ಗುರುತ್ವ ಬದಲಾಗುವುದಿಲ್ಲ. 1923ರಲ್ಲಿ ಬರ್ಕಾಫ್ ತೋರಿಸಿದ್ದು ಇದನ್ನೇ. ಆದ್ದರಿಂದ ಆ 300 ಕಿರಣಗಳನ್ನು ಒಮ್ಮೆ ಮಾತ್ರ ಲೆಕ್ಕ ಮಾಡಿ ಇಟ್ಟುಕೊಳ್ಳಿ. ಪ್ರತಿ ಫ್ರೇಮಿಗೂ ಅವನ್ನೇ ಬಳಸಿ, ನಕ್ಷತ್ರದ ಸಮಯವನ್ನು ಮಾತ್ರ ಸರಿಸುತ್ತ ಹೋಗಿ. ಕ್ಯಾಮೆರಾದಲ್ಲಿನ ಆವರ್ತನವನ್ನು, ಕಿರಣ ಎಲ್ಲಿ ಮೇಲ್ಮೈಗೆ ತಗಲುತ್ತದೋ ಅಲ್ಲಿನ ಆವರ್ತನದಿಂದ ಭಾಗಿಸಿ ಅನುಪಾತ ತೆಗೆಯಿರಿ. ಹೊಳಪು ಆ ಅನುಪಾತದ ನಾಲ್ಕನೇ ಘಾತ.

ಪಾರದರ್ಶಕ ಚೆಂಡಿನಲ್ಲಿ ಎರಡು ಗುಂಡಿಗಳಿವೆ. ಕದಲದ ಕಪ್ಪುರಂಧ್ರದ ಸೂತ್ರಗಳು ಕಿರಣದ ಶಕ್ತಿ ಬದಲಾಗುವುದಿಲ್ಲ ಎಂಬ ಅಡ್ಡದಾರಿ ಹಿಡಿಯುತ್ತವೆ. ಕುಸಿಯುತ್ತಿರುವ ಚೆಂಡಿನ ಒಳಗೆ ಶಕ್ತಿ ಬದಲಾಗುತ್ತದೆ. ಕೋನೀಯ ಸಂವೇಗ ಮಾತ್ರ ಹಾಗೇ ಉಳಿಯುತ್ತದೆ. ಅದನ್ನೇ ತಪಾಸಣೆಗೆ ಇಟ್ಟುಕೊಳ್ಳಿ. ಇನ್ನೊಂದು, ಮೇಲ್ಮೈ ದಾಟುವಾಗ ಹರಿವು ಮುರಿಯುವುದಿಲ್ಲ, ಆದರೆ ಅದರ ಇಳಿಜಾರು ತಟ್ಟನೆ ತಿರುಗುತ್ತದೆ. ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಮಾಡುವ ರುಂಗೆ-ಕುಟ್ಟಾ ವಿಧಾನ ಆ ತಿರುವಿನ ಮೇಲೆ ಕಣ್ಣುಮುಚ್ಚಿ ಹಾರಿದರೆ ಲೆಕ್ಕ ಒರಟಾಗುತ್ತದೆ. ಒಂದು ಹೆಜ್ಜೆ ಸರಿಯಾಗಿ ಮೇಲ್ಮೈಯ ಮೇಲೇ ಮುಗಿಯುವಂತೆ ನೋಡಿಕೊಳ್ಳಿ. ಇದು ಗೊತ್ತಿಲ್ಲದೆ ನಾನು ಒಮ್ಮೆ ಮೂರು ವಾರ ಕಳೆದೆ. ತಪ್ಪು ಕೋಡಿನಲ್ಲಿದೆ ಎಂದು ಹುಡುಕಿದ್ದೇ ಹುಡುಕಿದ್ದು.

ದಶಾಂಶಗಳ ಕಾಟ ಬೇರೆ. ಕ್ಯಾಮೆರಾದಿಂದ ಹಿಂದಕ್ಕೆ ಬಂದ ಕಿರಣ ದಿಗಂತಕ್ಕೆ ಹತ್ತಿರ ಹತ್ತಿರ ಸರಿಯುತ್ತದೆ. ಪೈಥಾನಿನ ಮಾಮೂಲಿ ಸಂಖ್ಯೆಗೆ ಸುಮಾರು 16 ಅಂಕಿಗಳ ನಿಖರತೆ. ನಿಮ್ಮ ನಕ್ಷತ್ರದಲ್ಲಿ 7 ಮಿಲಿಸೆಕೆಂಡಿಗೆ ಅವೆಲ್ಲ ಖರ್ಚಾಗಿ, ಕಿರಣ ದಿಗಂತದ ಮೇಲೆಯೇ ಇದೆ ಎಂದು ಕಂಪ್ಯೂಟರ್ ಸುಳ್ಳು ಹೇಳುತ್ತದೆ. ದೂರವನ್ನೇ ಇಟ್ಟುಕೊಳ್ಳುವ ಬದಲು, ದಿಗಂತದಿಂದ ಎಷ್ಟು ಮೇಲಿದ್ದೇವೆ ಎಂಬುದರ ಲಾಗರಿದಮ್ ಇಟ್ಟುಕೊಳ್ಳಿ. ಫೋಟಾನ್ ಗೋಳದ ಹತ್ತಿರವೂ ಇದೇ ಗೋಳು. ಪ್ರತಿ ಅರ್ಧ ಸುತ್ತಿಗೆ ತಪ್ಪು 23 ಪಟ್ಟು ಬೆಳೆಯುತ್ತದೆ. ಹನ್ನೊಂದು-ಹನ್ನೆರಡು ಅರ್ಧ ಸುತ್ತಿನ ನಂತರ ಬಂದ ಚಿತ್ರವನ್ನು ನಂಬಬೇಡಿ. ಅಷ್ಟು ಸುತ್ತಿದ ಬೆಳಕು ಚಿತ್ರದಲ್ಲಿ ಹೇಗೂ ಕಾಣುವುದಿಲ್ಲ, ಬಿಡಿ.

ಕುಸಿತಕ್ಕೆ ಕೈ ಹಾಕುವ ಮೊದಲು ಕದಲದ ಕಪ್ಪುರಂಧ್ರದಲ್ಲಿ ಎರಡು ಪರೀಕ್ಷೆ ಮಾಡಿ. ದೂರದಿಂದ ಬಂದ ಕಿರಣದ ಗುರಿ ನಡುವಿನಿಂದ ದಿಗಂತದ 2.598 ಪಟ್ಟಿಗಿಂತ ಕಡಿಮೆ ಇದ್ದರೆ ಒಳಗೆ ಬೀಳಬೇಕು, ಜಾಸ್ತಿ ಇದ್ದರೆ ತಪ್ಪಿಸಿಕೊಳ್ಳಬೇಕು. ಇನ್ನೊಂದು, ಸೂರ್ಯನ ಅಂಚು ಸವರಿಕೊಂಡು ಹೋದ ಕಿರಣ 1.75 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲಿಗೆ ಆರ್ಕ್‌ಸೆಕೆಂಡ್ ಎಂದು ಹೆಸರು) ಬಾಗಬೇಕು. 1919ರ ಗ್ರಹಣದಲ್ಲಿ ಎಡಿಂಗ್ಟನ್ ಮತ್ತು ಜೊತೆಗಾರರು ಅಳೆಯಲು ಹೊರಟದ್ದು ಇದನ್ನೇ. 1980ರ ಫೆಬ್ರವರಿ 16ರಂದು ಅಂಥದ್ದೇ ಸಂಪೂರ್ಣ ಗ್ರಹಣದ ನೆರಳು ಸಮುದ್ರದ ಕಡೆಯಿಂದ ಬಂದು ನಮ್ಮ ಅಂಕೋಲಾ ಕರಾವಳಿಯ ಮೇಲೆ ಹಾದುಹೋಯಿತು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಅಮ್ಮ ಬಾಗಿಲು ಹಾಕಿ ಒಳಗೆ ಕೂರಿಸಿದ್ದರು. ತಲೆಯ ಮೇಲೇ ನಕ್ಷತ್ರದ ಬೆಳಕು ಸೂರ್ಯನ ಪಕ್ಕ ಬಾಗಿ ಬರುತ್ತಿತ್ತು, ನಾನು ಬಾಗಿಲ ಸಂದಿಯಲ್ಲಿ ಕೋಳಿಗಳು ಗೂಡಿಗೆ ಹೋಗುವುದನ್ನು ನೋಡುತ್ತಿದ್ದೆ. ಆ ಹೊಟ್ಟೆಯುರಿ ಇನ್ನೂ ಇದೆ.

ಕೊನೆಗೆ ಒಂದು. ನಿಮ್ಮ ಕೋಡಿನಲ್ಲಿ 'ದೂರ ದಿಗಂತಕ್ಕಿಂತ ಕಡಿಮೆಯಾದರೆ ಕಪ್ಪು ಬಣ್ಣ' ಎಂಬ ಸಾಲು ಇರಲೇಬೇಕು, ಎಲ್ಲರೂ ಬರೆಯುತ್ತಾರೆ. ಕುಸಿತದ ಚಿತ್ರದಲ್ಲಿ ಅದನ್ನು ತೆಗೆದುಹಾಕಿ. ಕ್ಯಾಮೆರಾದಿಂದ ಹಿಂದಕ್ಕೆ ಹೊರಟ ಕಿರಣ ದಿಗಂತದ ಒಳಗೆ ಯಾವತ್ತೂ ಹೋಗುವುದಿಲ್ಲ. ಒಳಗಿಂದ ಬೆಳಕು ಹೊರಗೆ ಬಂದೇ ಇಲ್ಲವಲ್ಲ! ನಡುವಿನ ಕಡೆಗೆ ಹೋದ ಕಿರಣ ದಿಗಂತದ ಮೇಲೆ ಸವರಿಕೊಂಡು ಹಿಂದೆ ಹಿಂದೆ ಸರಿಯುತ್ತದೆ. ಹಿಂದಿನ ಕಾಲದಲ್ಲಿ ನಕ್ಷತ್ರ ಇನ್ನೂ ಹೊರಗಿತ್ತು. ಹಾಗಾಗಿ ಕಿರಣ ಎಂದಾದರೊಮ್ಮೆ ಅದರ ಮೇಲ್ಮೈಗೆ ತಗಲಿಯೇ ತಗಲುತ್ತದೆ. ಚಿತ್ರದ ನಡುವಿನ ಪ್ರತಿ ಚುಕ್ಕೆಯಲ್ಲೂ ನಕ್ಷತ್ರವೇ ಇದೆ, ಹೊಳಪಿನ ಸಂಖ್ಯೆ ಮಾತ್ರ ಸೊನ್ನೆಗೆ ಇಳಿಯುತ್ತಿದೆ. ಆ ಸಾಲು ಅಳಿಸಿ, ಹೊಳಪನ್ನೇ ಬಣ್ಣ ಮಾಡಿ ಓಡಿಸಿ. ಕಪ್ಪು ತಾನಾಗಿ ಬರುತ್ತದೆ.